ಕೀಲಿಯ ಮೇಲಣ ಅಕ್ಷರ: ಕನ್ನಡ ಕೀಲಿಮಣೆಯನ್ನು ಕುರಿತು ಒಂದು ವಿವೇಚನೆ

ಲಿಪಿಯ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಕಲ್ಲು, ತಾಮ್ರಪಟ, ತಾಳೆಯ ಗರಿ, ಕಡತ, ಸೀಸದ ಮೊಳೆ ಎಂಬ ಕ್ರಮದಲ್ಲಿ ಸಾಗಿ ಮುದ್ರಣಾಲಯದ ಬಾಗಿಲಲ್ಲಿ ನಿಂತುಬಿಡುವುದು ವಾಡಿಕೆ. ಆದರೆ ಅಕ್ಷರವು ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಯಂತ್ರದ ಕೀಲಿಯ ಮೇಲೇರಿತು. ಬೆರಳ ತುದಿಯಷ್ಟು ಅಗಲವಾದ ಆ ನೆಲೆಯೂ ಲಿಪಿಯನ್ನು ಹೊತ್ತ ಒಂದು ವಸ್ತುವೇ. ಅದರ ಮೇಲೆ ಯಾವ ಅಕ್ಷರವನ್ನು ಕೆತ್ತಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಯಾರೋ ಒಬ್ಬರು ಯಾವಾಗಲೋ ನಿರ್ಧರಿಸಿರುತ್ತಾರೆ. ಆ ನಿರ್ಧಾರದ ಚರಿತ್ರೆಯನ್ನು ಕನ್ನಡಕ್ಕೆ ಸಂಬಂಧಿಸಿದಂತೆ ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾವು ಎತ್ತಿಕೊಳ್ಳಲು ಸದ್ಯದ ಒಂದು ಹವ್ಯಾಸ ಕಾರಣವಾಯಿತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಿಂದ ಕಾಲೇಜಿಗೆ ಬರುವ ತರುಣರಲ್ಲಿ ಕೆಲವರು ‘ಮೆಕ್ಯಾನಿಕಲ್ ಕೀಬೋರ್ಡ್’ ಎಂಬ ಬಗೆಯ ಕೀಲಿಮಣೆಯನ್ನು ಕೊಂಡು, ಅದನ್ನು ಬಿಚ್ಚಿ, ತಮ್ಮ ಮನಸ್ಸಿಗೆ ಒಪ್ಪುವಂತೆ ಮಾರ್ಪಡಿಸಿಕೊಳ್ಳುತ್ತಿದ್ದಾರೆ. ಕೀಲಿಗಳ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಕಿತ್ತು ಬೇರೆ ಬಣ್ಣದ, ಬೇರೆ ಲಿಪಿಯ ಟೊಪ್ಪಿಗೆಗಳನ್ನು ತೊಡಿಸುವುದು ಇದರಲ್ಲಿ ಮುಖ್ಯವಾದ ಭಾಗ. ಈ ಟೊಪ್ಪಿಗೆಗೆ ಬಳಕೆಯಲ್ಲಿ ‘ಕೀಕ್ಯಾಪ್’ ಎಂದೇ ಹೆಸರು. ನಾವೂ ಅದನ್ನೇ ಬಳಸುತ್ತೇವೆ. ಹೀಗೆ ಅಲಂಕೃತವಾದ ಕೆಲವು ಕೀಲಿಮಣೆಗಳನ್ನು ನೋಡುವ ಅವಕಾಶ ನಮಗೆ ಒದಗಿದಾಗ ಒಂದು ಅಂಶ ಕಣ್ಣಿಗೆ ಬಿತ್ತು. ಅವುಗಳಲ್ಲಿ ರೋಮನ್ ಅಕ್ಷರದ ಪಕ್ಕದಲ್ಲಿ ಜಪಾನಿನ ಹಿರಗಾನಾ ಅಕ್ಷರಗಳಿದ್ದುವು, ರಷ್ಯದ ಸಿರಿಲಿಕ್ ಇತ್ತು, ಏನೂ ಬರೆಯದ ಖಾಲಿ ಕೀಲಿಗಳೂ ಇದ್ದುವು, ಕನ್ನಡ ಇರಲಿಲ್ಲ. ಕೀಲಿಮಣೆಯ ಒಡೆಯರೆಲ್ಲ ಕನ್ನಡಿಗರು. ಜಪಾನೀ ಭಾಷೆ ಅವರಲ್ಲಿ ಯಾರಿಗೂ ಬಾರದು. ಇದನ್ನು ನಾವು ಆಕ್ಷೇಪಣೆಯಾಗಿ ಹೇಳುತ್ತಿಲ್ಲ; ಅಲಂಕಾರಕ್ಕೆ ಅರ್ಥ ಬೇಕೆಂಬ ನಿಯಮವೇನೂ ಇಲ್ಲ. ಆದರೆ ಕನ್ನಡದ ಕೀಕ್ಯಾಪುಗಳು ಕಾಣಸಿಗುವುದು ಇಷ್ಟು ವಿರಳವಾದುದೇಕೆ ಎಂಬ ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದೇ ಆಗಿದೆ.

ಮೊದಲು ಲಿಪಿಯ ಸ್ವಭಾವವನ್ನು ನೆನೆಯಬೇಕು. ನಮ್ಮ ವರ್ಣಮಾಲೆಯಲ್ಲಿ ಸ್ವರಗಳು ೧೩, ಯೋಗವಾಹಗಳು ೨, ವ್ಯಂಜನಗಳು ೩೪, ಒಟ್ಟು ೪೯. ಇದೇನೂ ದೊಡ್ಡ ಸಂಖ್ಯೆಯಲ್ಲ. ಆದರೆ ಬರವಣಿಗೆಯಲ್ಲಿ ವ್ಯಂಜನವು ಸ್ವರದೊಡನೆ ಬೆರೆತು ಗುಣಿತವಾಗುತ್ತದೆ. ವ್ಯಂಜನದ ಕೆಳಗೆ ವ್ಯಂಜನ ಸೇರಿ ಒತ್ತಕ್ಷರವಾಗುತ್ತದೆ. ೩೪ ವ್ಯಂಜನಗಳಿಗೆ ೩೪ ಒತ್ತುಗಳನ್ನು ಲೆಕ್ಕಕ್ಕಾಗಿ ಹಾಕಿ ನೋಡಿದರೆ ಸ್ವರಗಳನ್ನು ಬಿಟ್ಟೂ ೧೧೫೬ ರೂಪಗಳಾಗುತ್ತವೆ. ನಿಜವಾದ ಭಾಷೆಯಲ್ಲಿ ಇವುಗಳಲ್ಲಿ ಬಹುಭಾಗ ಬರುವುದಿಲ್ಲವೆಂಬುದು ನಿಜ. ಆದರೂ ಸೀಸದ ಮೊಳೆಗಳ ಕಾಲದಲ್ಲಿ ಕನ್ನಡದ ಮೊಳೆ ಜೋಡಿಸುವವನು ಇಂಗ್ಲಿಷಿನವನಿಗಿಂತ ಎಷ್ಟೋ ಹೆಚ್ಚು ಗೂಡುಗಳಿರುವ ಪೆಟ್ಟಿಗೆಗಳ ಮುಂದೆ ನಿಲ್ಲಬೇಕಾಗಿತ್ತು. ಅವನಿಗಾದರೋ ಕೈಚಾಚುವಷ್ಟು ಜಾಗವಿತ್ತು. ಕೀಲಿಮಣೆಯಲ್ಲಿ ಆ ಸೌಕರ್ಯವಿಲ್ಲ. ಇಂದು ನಮ್ಮಲ್ಲಿ ರೂಢಿಯಲ್ಲಿರುವ ಕೀಲಿಮಣೆಯಲ್ಲಿ ಅಕ್ಷರ, ಅಂಕಿ, ಚಿಹ್ನೆಗಳಿಗಾಗಿ ಇರುವ ಕೀಲಿಗಳು ೪೭. ‘ಶಿಫ್ಟ್’ ಕೀಲಿಯ ನೆರವಿನಿಂದ ಅವು ೯೪ ಸ್ಥಾನಗಳಾಗುತ್ತವೆ. ಕನ್ನಡವನ್ನು ಈ ೯೪ರೊಳಗೆ ಅಡಕಮಾಡುವುದೇ ಸಮಸ್ಯೆ.

ಈ ಸಮಸ್ಯೆ ಕಂಪ್ಯೂಟರಿನಿಂದ ಹುಟ್ಟಿದುದಲ್ಲ. ೧೮೭೪ರಲ್ಲಿ ರೆಮಿಂಗ್ಟನ್ ಸಂಸ್ಥೆ ಮಾರಾಟಕ್ಕೆ ತಂದ ಷೋಲ್ಸ್‌ನ ಬೆರಳಚ್ಚು ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದುವು; ೧೮೭೮ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂದು ಒಂದು ಕೀಲಿಗೆ ಎರಡು ಅಕ್ಷರಗಳು ಸೇರಿದುವು. ಕನ್ನಡಕ್ಕೆ ಇಂತಹ ಯಂತ್ರವನ್ನು ಹೊಂದಿಸುವ ಕಾರ್ಯದೊಡನೆ ಅನಂತಸುಬ್ಬರಾಯರ ಹೆಸರು ಸೇರಿಕೊಂಡಿದೆ. ಅವರ ಮುಂದಿದ್ದ ಕೆಲಸ ಎಂತಹುದೆಂಬುದನ್ನು ಕಂಪ್ಯೂಟರನ್ನು ಮಾತ್ರ ಬಲ್ಲ ಇಂದಿನ ವಿದ್ಯಾರ್ಥಿ ಸುಲಭವಾಗಿ ಊಹಿಸಲಾರ. ಬೆರಳಚ್ಚು ಯಂತ್ರದಲ್ಲಿ ಕೀಲಿಗೂ ಅಚ್ಚಿಗೂ ನಡುವೆ ಇರುವುದು ಒಂದು ಸನ್ನೆ, ಒಂದು ಉಕ್ಕಿನ ತೋಳು. ಆ ತೋಳಿನ ತುದಿಯಲ್ಲಿ ಬೆಸೆದ ಮೊಳೆ. ಮೊಳೆಯಲ್ಲಿ ಏನಿದೆಯೋ ಅದೇ ಕಾಗದದ ಮೇಲೆ ಬೀಳುತ್ತದೆ. ಒಂದು ತೋಳಿನಿಂದ ಬಿದ್ದ ಅಚ್ಚು ಮುಂದಿನ ಅಕ್ಷರವನ್ನು ನೋಡಿ ತನ್ನ ಆಕಾರವನ್ನು ಬದಲಿಸಿಕೊಳ್ಳಲಾರದು. ಆದುದರಿಂದ ಅಕ್ಷರವನ್ನು ತುಂಡುಮಾಡಿ, ಒಡಲನ್ನೊಮ್ಮೆ, ಗುಣಿತದ ಚಿಹ್ನೆಯನ್ನೊಮ್ಮೆ, ಒತ್ತನ್ನೊಮ್ಮೆ ಬೇರೆಬೇರೆಯಾಗಿ ಹೊಡೆಯಬೇಕಾಯಿತು. ಒತ್ತು ಅಕ್ಷರದ ಕೆಳಗೇ ಬೀಳಬೇಕಾದುದರಿಂದ, ಹೊಡೆದರೂ ಕಾಗದದ ಗಾಡಿ ಮುಂದೆ ಸರಿಯದಂತಹ ಕೀಲಿಗಳನ್ನು ಇಡಬೇಕಾಯಿತು. ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಸ್ಥಾಪನೆಯಾದ ಮೇಲಿನ ದಶಕಗಳಲ್ಲಿ ನಡೆದ ಲಿಪಿಸುಧಾರಣೆಯ ಚರ್ಚೆಗಳ ಹಿನ್ನೆಲೆಯಲ್ಲಿ ಅಚ್ಚು ಮತ್ತು ಬೆರಳಚ್ಚಿನ ಈ ತೊಡಕುಗಳು ಇದ್ದುವೆಂಬುದನ್ನು ಮರೆಯಲಾಗದು. ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವುದೋ ಯಂತ್ರವನ್ನು ಲಿಪಿಗೆ ಒಗ್ಗಿಸುವುದೋ ಎಂಬ ವಾದದಲ್ಲಿ ಕಡೆಗೆ ಲಿಪಿಯೇ ಉಳಿಯಿತು. ಅದು ಸುದೈವವೆಂದು ನಮ್ಮ ಎಣಿಕೆ.

೧೯೬೩ರ ರಾಜಭಾಷಾ ಅಧಿನಿಯಮದ ಬಳಿಕ ಕಚೇರಿಗಳಲ್ಲಿ ಕನ್ನಡ ಬೆರಳಚ್ಚುಗಾರರಿಗೆ ಬೇಡಿಕೆ ಬಂದಿತು. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿಯೂ ‘ಟೈಪಿಂಗ್ ಇನ್‌ಸ್ಟಿಟ್ಯೂಟ್’ ಎಂಬ ಫಲಕ ಹೊತ್ತ ಮಹಡಿಯ ಕೋಣೆಗಳು ಕಾಣಿಸಿಕೊಂಡುವು. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಮುಗಿಸಿಕೊಂಡು ನೌಕರಿಗೆ ಸೇರಿದವರು ಈ ಭಾಗದ ಮನೆಮನೆಗಳಲ್ಲಿ ಸಿಗುತ್ತಾರೆ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಇಷ್ಟು: ಆ ಕಾಲದ ಕನ್ನಡ ಯಂತ್ರದ ಕೀಲಿಯ ಮೇಲೆ ಕನ್ನಡವೇ ಇರುತ್ತಿತ್ತು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದವನು ಆ ಯಂತ್ರದ ಮುಂದೆ ಕುಳಿತು, ನಿಧಾನವಾಗಿಯಾದರೂ, ತನ್ನ ಹೆಸರನ್ನು ಹೊಡೆಯಬಹುದಾಗಿತ್ತು. ಗೋದ್ರೆಜ್ ಸಂಸ್ಥೆ ೧೯೫೫ರಲ್ಲಿ ಆರಂಭಿಸಿದ ಬೆರಳಚ್ಚು ಯಂತ್ರಗಳ ತಯಾರಿಕೆಯನ್ನು ಈ ಶತಮಾನದ ಮೊದಲ ದಶಕದ ಅಂತ್ಯಕ್ಕೆ ನಿಲ್ಲಿಸಿತು. ಹಳೆಯ ಯಂತ್ರಗಳು ಗುಜರಿಯ ತಕ್ಕಡಿಗೆ ಹೋಗುತ್ತಿವೆ. ಶಾಸನವೊಂದು ಕಲ್ಲುಕುಟಿಗನ ಕೈಗೆ ಸಿಕ್ಕಿ ಚೂರಾಯಿತೆಂದರೆ ನಾವು ಮರುಗುತ್ತೇವೆ. ಕನ್ನಡದ ಕೀಲಿಗಳಿರುವ ಯಂತ್ರ ತೂಕಕ್ಕೆ ಹೋದರೆ ಯಾರೂ ಕೇಳುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಕೀಲಿಗೂ ಅಕ್ಷರಕ್ಕೂ ಇದ್ದ ಈ ಲೋಹದ ನಂಟು ಕಡಿದುಹೋಯಿತು. ಈ ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಇದನ್ನೇ ಅವಲಂಬಿಸಿದೆ. ಕಂಪ್ಯೂಟರಿನ ಕೀಲಿಯನ್ನು ಒತ್ತಿದಾಗ ಅದು ಅಕ್ಷರವನ್ನು ಕಳುಹಿಸುವುದಿಲ್ಲ. ತನ್ನ ಸ್ಥಾನದ ಸಂಖ್ಯೆಯನ್ನು ಕಳುಹಿಸುತ್ತದೆ. ಇಂದಿನ ಯುಎಸ್‌ಬಿ ಕೀಲಿಮಣೆಗಳಲ್ಲಿ ‘ಎ’ ಸ್ಥಾನದ ಸಂಖ್ಯೆ ೪, ‘ಬಿ’ ಸ್ಥಾನದ್ದು ೫. ಹೀಗೆಯೇ ಎಣಿಸುತ್ತ ಹೋದರೆ ‘ಕೆ’ ಸ್ಥಾನಕ್ಕೆ ೧೪. ಈ ೧೪ನ್ನು ಪಡೆದ ಕಂಪ್ಯೂಟರು ಆಗ ಯಾವ ವಿನ್ಯಾಸ ಜಾರಿಯಲ್ಲಿದೆಯೆಂದು ನೋಡಿ, ಕನ್ನಡವಾಗಿದ್ದರೆ ಅದನ್ನು ೩೨೨೧ ಎಂದು ಮಾಡಿಕೊಳ್ಳುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ‘ಕ’ಕಾರದ ಸಂಖ್ಯೆ ೩೨೨೧. ಬಳಿಕ ಫಾಂಟ್ ಎಂಬ ಅಕ್ಷರಮಾದರಿಯು ಅದಕ್ಕೆ ರೂಪವನ್ನು ಕೊಡುತ್ತದೆ. ಹಿಂದೆ ಮುಂದೆ ಇರುವ ಅಕ್ಷರಗಳನ್ನು ನೋಡಿ ಗುಣಿತವನ್ನೂ ಒತ್ತನ್ನೂ ಜೋಡಿಸುತ್ತದೆ. ಬೆರಳಚ್ಚು ಯಂತ್ರದ ಉಕ್ಕಿನ ತೋಳಿಗೆ ಸಾಧ್ಯವಾಗದ ಕೆಲಸ ಇದೇ. ಈ ಸರಪಣಿಯಲ್ಲಿ ಕೀಲಿಯ ಮೇಲೆ ಬರೆದಿರುವುದಕ್ಕೆ ಯಾವ ಪಾತ್ರವೂ ಇಲ್ಲ. ‘ಕೆ’ ಸ್ಥಾನದ ಕೀಲಿಗೆ ಹಿರಗಾನಾ ಇರುವ ಟೊಪ್ಪಿಗೆ ತೊಡಿಸಿದರೂ, ಏನೂ ಬರೆಯದ ಟೊಪ್ಪಿಗೆ ತೊಡಿಸಿದರೂ ಹೋಗುವುದು ೧೪ ಎಂಬ ಸಂಖ್ಯೆಯೇ. ತರುಣರು ಕೀಕ್ಯಾಪುಗಳನ್ನು ಇಷ್ಟು ನಿರಾತಂಕವಾಗಿ ಬದಲಿಸಬಲ್ಲುದಕ್ಕೆ ಕಾರಣವೂ ಇದೇ.

ಯಂತ್ರಕ್ಕೆ ಬೇಡವಾದ ಮೇಲೆ ಕೀಲಿಯ ಮೇಲಿನ ಅಕ್ಷರ ಇರುವುದು ಯಾರಿಗಾಗಿ? ಮುಂದೆ ಕುಳಿತ ಮನುಷ್ಯನಿಗಾಗಿ ಮಾತ್ರ. ಆದಕಾರಣ ಕೀಲಿಮಣೆಯನ್ನು ನೋಡಿದರೆ ಅದನ್ನು ಮಾಡಿದವರು ಎದುರಿಗೆ ಯಾರು ಕುಳಿತಿರುವರೆಂದು ಎಣಿಸಿದ್ದರು ಎಂಬುದು ತಿಳಿಯುತ್ತದೆ. ಈ ದೃಷ್ಟಿಯಿಂದ ನೋಡಿದರೆ ಕನ್ನಡದ ಸ್ಥಿತಿ ವಿಚಿತ್ರವಾಗಿದೆ. ಪರದೆಯ ಮೇಲೆ ಕನ್ನಡ ಹಿಂದೆಂದೂ ಇಲ್ಲದಷ್ಟು ಸಮೃದ್ಧವಾಗಿರುವ ಕಾಲದಲ್ಲಿಯೇ ಕೀಲಿಯ ಮೇಲಿಂದ ಅದು ಅಳಿಸಿಹೋಗಿದೆ.

ಇದಕ್ಕೆ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ; ಆದರೆ ಅದು ಪೂರ್ತಿ ನಿಜವಲ್ಲ. ಇದರಲ್ಲಿ ಒಂದು ಉತ್ತಮ ವಿನ್ಯಾಸದ ಯಶಸ್ಸಿನ ಪಾಲೂ ಇದೆ. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ ಕೆ. ಪಿ. ರಾಯರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯ ತರ್ಕ ಅತ್ಯಂತ ಸರಳವಾದುದು. ರೋಮನ್ ಅಕ್ಷರದ ಉಚ್ಚಾರಣೆಗೆ ಹತ್ತಿರವಾದ ಕನ್ನಡ ಅಕ್ಷರವನ್ನು ಆ ಕೀಲಿಗೇ ಕೊಡುವುದು. ಅಲ್ಪಪ್ರಾಣವನ್ನು ಹಾಗೆಯೇ ಒತ್ತಿದಾಗಲೂ ಮಹಾಪ್ರಾಣವನ್ನು ಶಿಫ್ಟ್ ಹಿಡಿದಾಗಲೂ ಬರುವಂತೆ ಮಾಡುವುದು. ಎರಡು ವ್ಯಂಜನಗಳನ್ನು ಬೆಸೆಯಲು ನಡುವೆ ಒಂದು ಕೊಂಡಿಯ ಕೀಲಿಯನ್ನು ಇಡುವುದು. ಗುಣಿತಕ್ಕೂ ಒತ್ತಿಗೂ ಬೇರೆ ಕೀಲಿಗಳೇ ಬೇಡ. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲದರ ಒಳಗಿನ ವ್ಯಾಕರಣವನ್ನೇ ಕೀಲಿಗಳ ಮೇಲೆ ಹರಡಿದಂತಿದೆ ಇದು. ಈ ವಿನ್ಯಾಸವಿರುವ ತಂತ್ರಾಂಶಕ್ಕೆ ರಾಯರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ಇದರ ಆಧಾರದಿಂದಲೇ ತನ್ನ ‘ಕಗಪ’ ವಿನ್ಯಾಸವನ್ನು ‘ನುಡಿ’ ತಂತ್ರಾಂಶದಲ್ಲಿ ಅಳವಡಿಸಿತು. ಸರ್ಕಾರದ ಒಪ್ಪಿಗೆಯೂ ದೊರೆಯಿತು.

ಇದಕ್ಕಿಂತ ಹಿಂದೆಯೇ, ೧೯೮೬ರಲ್ಲಿ, ಕೇಂದ್ರಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಎಲ್ಲ ಬ್ರಾಹ್ಮೀಮೂಲ ಲಿಪಿಗಳಿಗೆ ಒಂದೇ ವಿನ್ಯಾಸವನ್ನು ‘ಇನ್‌ಸ್ಕ್ರಿಪ್ಟ್’ ಎಂಬ ಹೆಸರಿನಲ್ಲಿ ಗೊತ್ತುಮಾಡಿತ್ತು. ಅದರಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ರೋಮನ್ ಉಚ್ಚಾರಣೆಗೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಹೋಲಿಸಲು ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಗಪದಲ್ಲಿ ಅದು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು. ಇಲ್ಲಿ ಎಫ್ ಎಂಬುದೇ ಕೊಂಡಿ. ಇನ್‌ಸ್ಕ್ರಿಪ್ಟಿನಲ್ಲಿ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀಲಿ. ಇಲ್ಲಿ ಡಿ ಎಂಬುದು ಕೊಂಡಿ. ಎರಡರಲ್ಲಿಯೂ ಐದೇ ಬಡಿತಗಳು. ಏಕೆಂದರೆ ಒಳಗಿನ ತರ್ಕ ಒಂದೇ. ‘ಕ’ ಮಾತ್ರ ಕಾಕತಾಳೀಯವಾಗಿ ಎರಡರಲ್ಲಿಯೂ ಒಂದೇ ಕೀಲಿಯಲ್ಲಿದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ದ ಲಿಪ್ಯಂತರ ಪದ್ಧತಿಯಲ್ಲಿಯಾದರೋ ಇಂಗ್ಲಿಷಿನಲ್ಲಿ ಬರೆದಂತೆ ಸ್ವರಗಳನ್ನೂ ಸೇರಿಸಿ ಏಳು ಬಡಿತಗಳು ಬೇಕು. ವಿದೇಶಗಳಲ್ಲಿದ್ದ ಕನ್ನಡಿಗರಿಗೆ ಕನ್ನಡದಲ್ಲಿ ಪತ್ರ ಬರೆಯುವುದನ್ನು ಸಾಧ್ಯವಾಗಿಸಿದ ಉಪಕಾರ ಅದರದು. ಬಡಿತಗಳ ಲೆಕ್ಕ ಅಲ್ಲಿ ಮುಖ್ಯವಲ್ಲ.

ಕಗಪದ ಯಶಸ್ಸಿನ ಗುಟ್ಟೇ ಅದರ ಇನ್ನೊಂದು ಪರಿಣಾಮಕ್ಕೂ ಕಾರಣವಾಯಿತು. ಇಂಗ್ಲಿಷಿನ ಕೀಲಿಮಣೆಯನ್ನು ನೋಡಿಯೇ ಕನ್ನಡವನ್ನು ಹೊಡೆಯಬಹುದಾದಾಗ ಕನ್ನಡದ ಕೀಲಿಮಣೆಯನ್ನು ಯಾರು ಮಾಡಿಸುತ್ತಾರೆ? ಇನ್‌ಸ್ಕ್ರಿಪ್ಟನ್ನು ಕಲಿಯುವವನಿಗೆ ಅಕ್ಷರ ಮುದ್ರಿಸಿದ ಕೀಲಿಮಣೆ ಬೇಕೇಬೇಕು. ನಾಗರಿ ಲಿಪಿಯನ್ನು ಮುದ್ರಿಸಿದ ಕೀಲಿಮಣೆಗಳು ಅಂಗಡಿಗಳಲ್ಲಿ ದೊರೆಯುವುದಕ್ಕೆ ಇದು ಒಂದು ಕಾರಣ. ಕಗಪವನ್ನು ಕಲಿಯುವವನಿಗೆ ಅದು ಬೇಡವೆನಿಸಿತು. ಕನ್ನಡಿಗ ವಿದ್ಯಾವಂತನಿಗೆ ಇದರಿಂದ ನಷ್ಟವಿಲ್ಲ. ಆದರೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಮಗು, ಇಂಗ್ಲಿಷ್ ಅಕ್ಷರ ಬಾರದ ಗೃಹಿಣಿ, ಪಂಚಾಯಿತಿಯ ಸದಸ್ಯ — ಇವರಿಗೆ ‘ಕ’ ಎಂದು ಬರೆಯಬೇಕಾದರೆ ಮೊದಲು ‘ಕೆ’ ಎಂಬ ಅಕ್ಷರದ ಪರಿಚಯವಾಗಬೇಕಾಗಿದೆ. ಅಜ್ಜನ ಕಾಲದ ಬೆರಳಚ್ಚು ಯಂತ್ರ ಕೇಳದೆ ಇದ್ದ ಈ ಸುಂಕವನ್ನು ಮೊಮ್ಮಗನ ಕಂಪ್ಯೂಟರು ಕೇಳುತ್ತಿದೆ. ಪಾರದರ್ಶಕ ಕಾಗದದ ಮೇಲೆ ಕನ್ನಡವನ್ನು ಮುದ್ರಿಸಿದ ಅಂಟುಚೀಟಿಗಳು ಸಿಗುತ್ತವೆಯೆಂಬುದು ನಿಜ. ಬೆರಳಿನ ಬೆವರಿಗೂ ಉಜ್ಜಾಟಕ್ಕೂ ಅವು ಹೆಚ್ಚು ಕಾಲ ತಾಳುವುದಿಲ್ಲ.

ಹೀಗಿರಲಾಗಿ, ಟೊಪ್ಪಿಗೆಗಳನ್ನು ಬದಲಿಸಬಹುದಾದ ಕೀಲಿಮಣೆ ನಮಗೆ ಬರಿಯ ಆಟದ ವಸ್ತುವಾಗಿ ಕಾಣುವುದಿಲ್ಲ. ಅದರ ರಚನೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ಅಗ್ಗದ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಅಡಿಯಲ್ಲಿ ರಬ್ಬರಿನ ಒಂದೇ ಹಾಳೆ ಇರುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿಯೊಂದು ಕೀಲಿಗೂ ಸ್ಪ್ರಿಂಗು ಇರುವ ಪ್ರತ್ಯೇಕ ಸ್ವಿಚ್ಚು. ಜರ್ಮನಿಯ ಚೆರಿ ಸಂಸ್ಥೆ ೧೯೮೦ರ ದಶಕದಲ್ಲಿ ತಂದ ಸ್ವಿಚ್ಚಿನಲ್ಲಿ ಕೀಲಿ ಒಟ್ಟು ೪ ಮಿಲಿಮೀಟರ್ ಕೆಳಗಿಳಿಯುತ್ತದೆ. ಸುಮಾರು ಅರ್ಧ ದಾರಿಯಲ್ಲಿ ಸಂಪರ್ಕ ಏರ್ಪಡುತ್ತದೆ. ಅದರ ತಲೆಯ ಮೇಲೆ ಅಧಿಕ ಚಿಹ್ನೆಯ ಆಕಾರದ ಒಂದು ಗೂಟ. ಕೀಕ್ಯಾಪು ಕೂರುವುದು ಈ ಗೂಟದ ಮೇಲೆ. ಬೇರೆ ಕಂಪೆನಿಗಳವರೂ ಇದೇ ಗೂಟವನ್ನು ಅನುಸರಿಸಿದುದರಿಂದ ಒಂದು ಕಡೆ ಮಾಡಿದ ಟೊಪ್ಪಿಗೆ ಇನ್ನೊಂದು ಕಡೆಯ ಸ್ವಿಚ್ಚಿಗೆ ಹೊಂದುತ್ತದೆ. ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ ಇರುವ ದೂರ ೧೯.೦೫ ಮಿಲಿಮೀಟರ್, ಎಂದರೆ ಮುಕ್ಕಾಲು ಅಂಗುಲ. ಈ ಬಗೆಯ ಕೀಲಿಮಣೆ ನಮ್ಮಲ್ಲಿ ಹೊಸತೇನಲ್ಲ. ಡಿಟಿಪಿ ಕೇಂದ್ರಗಳಲ್ಲಿ ಲಗ್ನಪತ್ರಿಕೆ ಮಾಡಿಸಿದವರು ‘ಟಿವಿಎಸ್ ಗೋಲ್ಡ್’ ಕೀಲಿಮಣೆಯ ಟಕಟಕ ಸದ್ದನ್ನು ಕೇಳಿಯೇ ಇರುತ್ತಾರೆ.

ಹವ್ಯಾಸಿಗಳು ಟೊಪ್ಪಿಗೆಯಲ್ಲಿ ನಿಲ್ಲುವುದಿಲ್ಲ. ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ ಸಣ್ಣ ಕುಂಚದಿಂದ ಗ್ರೀಸು ಸವರುತ್ತಾರೆ. ಸರ್ಕಿಟ್ ಫಲಕದ ಬೆನ್ನಿಗೆ ಕಾಗದದ ಟೇಪನ್ನು ಎರಡು ಮೂರು ಪದರ ಅಂಟಿಸಿ ಸದ್ದನ್ನು ಮೃದುಗೊಳಿಸುತ್ತಾರೆ. ಸ್ಪೇಸ್ ಬಾರಿನ ಕಿಟಿಕಿಟಿಯನ್ನು ನಿಲ್ಲಿಸಲು ಗಾಯಕ್ಕೆ ಹಾಕುವ ಪಟ್ಟಿಯನ್ನು ಅದರ ಆಧಾರದ ಕೆಳಗೆ ಇಡುವುದೂ ಉಂಟು. ಸಿಲಿಕೋನ್ ಅಚ್ಚಿನಲ್ಲಿ ರಾಳವನ್ನು ಹೊಯ್ದು, ಒಳಗೆ ಪುಟ್ಟ ಗೊಂಬೆಯನ್ನು ಹುದುಗಿಸಿದ ಒಂದೇ ಒಂದು ಕೀಕ್ಯಾಪಿಗೆ ಹತ್ತು ಕೀಲಿಮಣೆಗಳ ಬೆಲೆ ಕೊಡುವವರಿದ್ದಾರೆ. ಹಿರಿಯರು ಇದನ್ನು ಕೆಲಸವಿಲ್ಲದವರ ಕೆಲಸವೆನ್ನಬಹುದು. ಆದರೆ ಆಯುಧಪೂಜೆಯ ದಿನ ಬೆರಳಚ್ಚು ಯಂತ್ರಕ್ಕೆ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದ ನಾಡಿನಲ್ಲಿ ಉಪಕರಣವನ್ನು ಸಿಂಗರಿಸುವುದು ಅಪೂರ್ವವೇನಲ್ಲ.

ಇನ್ನು ಕನ್ನಡದ ಕೀಕ್ಯಾಪನ್ನು ಮಾಡಿಸುವುದು ಹೇಗೆ? ಅಕ್ಷರವನ್ನು ಮೂಡಿಸುವ ವಿಧಾನಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ಇಮ್ಮಡಿ ಎರಕ. ಒಂದು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅಕ್ಷರವನ್ನು ಎರೆದು, ಅದರ ಸುತ್ತ ಇನ್ನೊಂದು ಬಣ್ಣದ ಪ್ಲಾಸ್ಟಿಕ್ಕಿನಿಂದ ಟೊಪ್ಪಿಗೆಯನ್ನು ಎರೆಯುವುದು. ಅಕ್ಷರ ಟೊಪ್ಪಿಗೆಯ ದಪ್ಪಕ್ಕೂ ಇಳಿದಿರುವುದರಿಂದ ಎಷ್ಟು ಸವೆದರೂ ಅಳಿಸದು. ಆದರೆ ಪ್ರತಿಯೊಂದು ಅಕ್ಷರಕ್ಕೂ ಉಕ್ಕಿನಲ್ಲಿ ಕೊರೆದ ಅಚ್ಚು ಬೇಕು. ಕಾಮಾಕ್ಷಿಪಾಳ್ಯದಲ್ಲಿಯೂ ಪೀಣ್ಯದಲ್ಲಿಯೂ ಪ್ಲಾಸ್ಟಿಕ್ ಎರಕದ ಸಣ್ಣ ಕಾರ್ಖಾನೆಗಳೂ ಅಚ್ಚು ಕೊರೆಯುವ ಕುಶಲಿಗಳೂ ಬೇಕಾದಷ್ಟಿದ್ದಾರೆ. ಕೊರತೆ ಕೌಶಲದ್ದಲ್ಲ, ಸಂಖ್ಯೆಯದು. ಅಚ್ಚಿನ ಖರ್ಚು ಸಾವಿರಾರು ಕೀಲಿಮಣೆಗಳ ಮೇಲೆ ಹಂಚಿಹೋದಾಗ ಮಾತ್ರ ಬೆಲೆ ಕೈಗೆಟಕುತ್ತದೆ. ಹೊರದೇಶಗಳ ಹವ್ಯಾಸಿಗಳು ಇದಕ್ಕಾಗಿ ಮುಂಗಡ ಹಣ ಕಟ್ಟಿ, ಬೇಕಾದಷ್ಟು ಜನ ಸೇರಿದ ಮೇಲೆ ಮಾಡಿಸುತ್ತಾರೆ. ನಮ್ಮ ಬಡಾವಣೆಗಳ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಈ ಏರ್ಪಾಡು ಹೊಸತೆನಿಸದು.

ಎರಡನೆಯ ವಿಧಾನದಲ್ಲಿ ಬಣ್ಣವನ್ನು ಕಾಯಿಸಿ ಆವಿಯಾಗಿಸಿ ಪ್ಲಾಸ್ಟಿಕ್ಕಿನೊಳಕ್ಕೆ ಇಂಗಿಸುತ್ತಾರೆ. ಲೋಟದ ಮೇಲೆ ಮದುಮಕ್ಕಳ ಭಾವಚಿತ್ರವನ್ನು ಮೂಡಿಸಿಕೊಡುವ ಅಂಗಡಿಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಇದಕ್ಕೆ ಅಕ್ಷರಕ್ಕೊಂದು ಅಚ್ಚು ಬೇಡ. ಒಂದೇ ಜೊತೆಯನ್ನು ಬೇಕಾದರೂ ಮಾಡಬಹುದು. ಟೊಪ್ಪಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದಾದರೆ ಆ ಶಾಖಕ್ಕೆ ಸೊಟ್ಟಗಾಗುತ್ತದೆ. ಪಿಬಿಟಿ ಎಂಬುದಾದರೆ ತಾಳುತ್ತದೆ. ಅಕ್ಷರದ ಬಣ್ಣ ಟೊಪ್ಪಿಗೆಯದಕ್ಕಿಂತ ಗಾಢವಾಗಿರಬೇಕು. ಕನ್ನಡಕ್ಕೆ ಸದ್ಯಕ್ಕೆ ಒಗ್ಗುವ ವಿಧಾನ ಇದೇ ಎಂದು ನಮಗೆ ತೋರುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಇಂಗುವ ಬಣ್ಣ ಗೆರೆಯ ಅಂಚಿನಲ್ಲಿ ಕೊಂಚ ಹರಡುತ್ತದೆ. ಇಂಗ್ಲಿಷಿನ ನೇರ ಗೆರೆಗಳಿಗೆ ಇದರಿಂದ ಬಾಧಕವಿಲ್ಲ. ನಮ್ಮಲ್ಲಿ ದ–ಧ, ಡ–ಢ, ಬ–ಭ, ಪ–ಫ ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಕಿರುಗೆರೆಯಷ್ಟೆ. ಒಂದೇ ಟೊಪ್ಪಿಗೆಯ ಮೇಲೆ ಎರಡು ಮೂರು ಅಕ್ಷರಗಳನ್ನು ತುರುಕಿ ಸಣ್ಣದಾಗಿ ಮುದ್ರಿಸಿದರೆ ಆ ಗೆರೆ ಕಲಸಿಹೋಗಿ ಮಹಾಪ್ರಾಣವೇ ಮಾಯವಾಗುತ್ತದೆ.

ಯಾವ ವಿನ್ಯಾಸಕ್ಕೆ ಮಾಡಿಸುವುದು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿನ ಕೀಕ್ಯಾಪುಗಳಲ್ಲಿ ಒಂದೊಂದು ಸಾಲಿನ ಇಳಿಜಾರು ಒಂದೊಂದು ತೆರನಾಗಿರುತ್ತದೆ. ‘ಪ’ಕಾರ ಕಗಪದಲ್ಲಿ ಮೇಲಿನ ಸಾಲಿನಲ್ಲಿದೆ, ಇನ್‌ಸ್ಕ್ರಿಪ್ಟಿನಲ್ಲಿ ನಡುವಿನ ಸಾಲಿನಲ್ಲಿದೆ, ಒಂದಕ್ಕೆ ಮಾಡಿದುದು ಇನ್ನೊಂದರಲ್ಲಿ ಏರುಪೇರಾಗಿ ಕೂರುತ್ತದೆ. ಎಲ್ಲ ಸಾಲಿಗೂ ಒಂದೇ ಎತ್ತರವಿರುವ ಡಿಎಸ್ಎ, ಎಕ್ಸ್‌ಡಿಎ ಮಾದರಿಗಳನ್ನು ಆರಿಸಿಕೊಂಡರೆ ಈ ತೊಂದರೆ ಇಲ್ಲ.

ಕಗಪಕ್ಕೇ ಮಾಡಿಸುವುದಾದರೆ ಎಷ್ಟು ಅಕ್ಷರಗಳನ್ನು ಮುದ್ರಿಸಬೇಕು? ಇಂಗ್ಲಿಷಿನ ಕೀಲಿಯ ಮೇಲೆ ದೊಡ್ಡಕ್ಷರ ಮಾತ್ರ ಇರುತ್ತದೆ. ಸಣ್ಣಕ್ಷರವನ್ನು ನಾವೇ ಊಹಿಸಿಕೊಳ್ಳುತ್ತೇವೆ. ಅದೇ ನ್ಯಾಯದಿಂದ ‘ಕ’ ಎಂದು ಮುದ್ರಿಸಿದರೆ ಶಿಫ್ಟ್ ಹಿಡಿದಾಗ ‘ಖ’ ಬರುವುದೆಂದು ಮಗುವೂ ಕಲಿಯಬಲ್ಲುದು. ಗ, ಚ, ತ, ದ, ಬ ಮೊದಲಾದುವುಗಳ ಕೀಲಿಗಳಿಗೆ ಒಂದೇ ದೊಡ್ಡ ಅಕ್ಷರ ಸಾಕು. ಮೇಲೆ ಹೇಳಿದ ಕಲಸಿಹೋಗುವ ಭಯವೂ ಇದರಿಂದ ತಪ್ಪುತ್ತದೆ. ನ–ಣ, ಲ–ಳ, ಸ–ಶ ಇರುವ ಕೀಲಿಗಳಲ್ಲಿ ಮಾತ್ರ ಎರಡನ್ನೂ ತೋರಿಸಬೇಕಾಗುತ್ತದೆ, ಏಕೆಂದರೆ ಅವು ಅಲ್ಪಪ್ರಾಣ ಮಹಾಪ್ರಾಣಗಳ ಜೋಡಿಗಳಲ್ಲ. ‘ಕ್ಯೂ’ ಕೀಲಿಯಲ್ಲಿ ಟ, ‘ಡಬ್ಲ್ಯು’ವಿನಲ್ಲಿ ಡ, ‘ಎಕ್ಸ್’ನಲ್ಲಿ ಷ ಇವೆಯೆಂಬುದನ್ನು ರೋಮನ್ ಅಕ್ಷರ ನೋಡಿ ಯಾರೂ ಊಹಿಸಲಾರರು. ಕನ್ನಡದ ಟೊಪ್ಪಿಗೆ ವಿದ್ಯಾವಂತರಿಗೂ ಉಪಯೋಗವಾಗುವ ಸ್ಥಳಗಳು ಇವೇ. ಕಣ್ಣು ಹಾಯಿಸದೆ ಹೊಡೆಯಬಲ್ಲವನಿಗೆ ಕೀಲಿಯ ಮೇಲೆ ಏನಿದ್ದರೇನು ಎಂಬ ವಾದವನ್ನು ಟೈಪಿಂಗ್ ಶಾಲೆಗಳ ಹಳಬರು ಹೂಡುತ್ತಾರೆ. ಅವರಿಗೆ ಅದು ಸಲ್ಲುತ್ತದೆ. ಆದರೆ ಕಣ್ಣು ಹಾಯಿಸದಷ್ಟು ಪಳಗುವ ಮೊದಲು ಕಣ್ಣು ಹಾಯಿಸುವ ಆರು ತಿಂಗಳುಗಳಿರುತ್ತವೆ.

ಉಳಿಯುವುದು ‘ಎಫ್’ ಸ್ಥಾನದ ಕೀಲಿ. ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ ಇರುವುದು ಇಲ್ಲಿ. ‘ಅಕ್ಕ’ನಲ್ಲಿಯೂ ‘ಅಮ್ಮ’ನಲ್ಲಿಯೂ ‘ಅಪ್ಪ’ನಲ್ಲಿಯೂ ಬೆರಳು ಇದರ ಮೇಲೆ ಹಾದುಹೋಗಲೇಬೇಕು. ಆದರೆ ಈ ಕೊಂಡಿಗೆ ಕನ್ನಡ ಬರವಣಿಗೆಯಲ್ಲಿ ಸ್ವಂತ ಆಕಾರವೇ ಇಲ್ಲ. ಪದದ ಕೊನೆಯಲ್ಲಿ ವ್ಯಂಜನ ನಿಂತಾಗ ಅರ್ಧಾಕ್ಷರದ ಕೊಂಬಾಗಿ ಕಾಣಿಸುತ್ತದೆ. ನಡುವೆ ಬಂದಾಗ ಮುಂದಿನ ಅಕ್ಷರವನ್ನು ಕೆಳಕ್ಕೆ ಇಳಿಸಿ ತಾನು ಮರೆಯಾಗುತ್ತದೆ. ಇದರ ಮೇಲೆ ಏನನ್ನು ಮುದ್ರಿಸಬೇಕು? ಅರ್ಧಾಕ್ಷರದ ಕೊಂಬನ್ನು ಬರೆದರೆ ಒತ್ತಿನ ಕೆಲಸ ತಿಳಿಯುವುದಿಲ್ಲ. ಯಾವುದಾದರೂ ಒತ್ತಕ್ಷರವನ್ನು ಬರೆದರೆ ಅದೊಂದೇ ಬರುವುದೆಂಬ ಭ್ರಮೆಯಾಗುತ್ತದೆ. ‘ಒತ್ತು’ ಎಂದು ಅಕ್ಷರದಲ್ಲಿಯೇ ಬರೆಯಬಹುದು, ಆದರೆ ಕೀಲಿಗಳನ್ನೆಲ್ಲ ಒತ್ತುವುದೇ ಆದುದರಿಂದ ನಗೆಪಾಟಲಾದೀತು. ಬೆರಳುಗಳು ತಮ್ಮ ನೆಲೆಯನ್ನು ತಡವಿ ಅರಿಯಲೆಂದು ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಯನ್ನು ಎಲ್ಲ ತಯಾರಕರೂ ಇಡುತ್ತಾರೆ. ಎಡಗೈಯ ತೋರುಬೆರಳು ವಿಶ್ರಮಿಸುವ ಜಾಗ ಅದು. ಕನ್ನಡದ ಕೀಕ್ಯಾಪುಗಳನ್ನು ಮಾಡಿಸಲು ಹೊರಟಿರುವ ವಿದ್ಯಾರ್ಥಿಗಳು ಕೇಳಿದಾಗ, ಆ ಕೀಲಿಯನ್ನು ಖಾಲಿ ಬಿಟ್ಟು ಉಬ್ಬುಗೆರೆಯನ್ನು ಮಾತ್ರ ಉಳಿಸಿಕೊಳ್ಳಿರೆಂದು ನಾವು ಹೇಳಿದ್ದೇವೆ.